ಮನೆವಾರ್ತೆ: ಮಿಕ್ಕ ಅನ್ನದ ಲೆಕ್ಕ



ಅಂಗಡಿಯಲ್ಲಿ ನಮ್ಮವರ ಕಣ್ಣು ಎಷ್ಟು ಚುರುಕು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಶೇಂಗಾ ಚೀಲ ಬಿಚ್ಚಿದಾಗ ಬಂದ ಸುತಳಿಯ ತುಂಡನ್ನೂ ಸುತ್ತಿ ಮೊಳೆಗೆ ನೇತುಹಾಕುತ್ತಾರೆ. ತಕ್ಕಡಿಯ ಬುಡದಲ್ಲಿ ಚೆಲ್ಲಿದ ಕಾಳನ್ನು ಸಂಜೆ ಗುಡಿಸಿ, ಕೇರಿ, ಮತ್ತೆ ಚೀಲಕ್ಕೆ ಸೇರಿಸುತ್ತಾರೆ. ಹರಿದ ಗೋಣಿಗೂ ಒಂದು ಬೆಲೆ ಉಂಟು. ಇಷ್ಟೆಲ್ಲ ಲೆಕ್ಕ ಇಡುವ ಮನೆಯಲ್ಲಿ ಹಿತ್ತಿಲ ಕಲಗಚ್ಚಿನ ಬಾನಿಗೆ ದಿನವೂ ಏನು ಬೀಳುತ್ತದೆ ಎಂಬುದನ್ನು ಮಾತ್ರ ಯಾವ ಖಾತೆಯಲ್ಲೂ ಬರೆದಿರುವುದಿಲ್ಲ. ನಮ್ಮ ಮನೆಯಲ್ಲೂ ಬರೆದಿರಲಿಲ್ಲ. ಬರೆಯುವಂತೆ ಮಾಡಿದವಳು ನಮ್ಮಲ್ಲಿ ಮುಸುರೆ ತಿಕ್ಕುವ ಹೆಣ್ಣುಮಗಳು.

ನಾವು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು. ಮರುದಿನಕ್ಕೆ ಇಟ್ಟ ಅಡುಗೆಯನ್ನು ತಿನ್ನುವವರಲ್ಲ. ಹಾಗಾಗಿ ಸಂಜೆ ಮಿಕ್ಕದ್ದನ್ನೆಲ್ಲ ಒಂದು ಡಬ್ಬಿಗೆ ಹಾಕಿ ಮುಚ್ಚಿಟ್ಟು, ಬೆಳಿಗ್ಗೆ ಅವಳು ಬಂದಾಗ ಕೊಡುವುದು ಅತ್ತೆಯವರ ಕಾಲದಿಂದ ನಡೆದು ಬಂದ ವಾಡಿಕೆ. ಒಂದು ದಿನ ಅವಳು ಡಬ್ಬಿಯನ್ನು ಮುಟ್ಟದೆ, ನೆಲ ನೋಡುತ್ತ, “ಅನ್ನಂ ಒದ್ದಮ್ಮಾ, ಬಿಯ್ಯಮೇ ಇಯ್ಯಂಡಿ” ಎಂದಳು. ಅನ್ನ ಬೇಡಮ್ಮ, ಅಕ್ಕಿಯನ್ನೇ ಕೊಡಿ ಎಂದು. ಬೇಸಿಗೆಯ ದಿನ. ರಾತ್ರಿಯ ಅನ್ನ ಬೆಳಿಗ್ಗೆಯ ಹೊತ್ತಿಗೆ ನೀರು ಬಿಟ್ಟಿತ್ತು. ಹಿಂದಿನ ದಿನ ಕೊಟ್ಟದ್ದನ್ನು ತಿಂದು ಅವಳ ಮಗುವಿಗೆ ಹೊಟ್ಟೆ ಕೆಟ್ಟಿತ್ತಂತೆ.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹೊತ್ತು ಮೀರಿದ ಅನ್ನ ನಮಗೆ ವರ್ಜ್ಯ. ಅದನ್ನೇ ಅವಳ ಕೈಗೆ ಹಾಕಿ ಇಷ್ಟು ವರ್ಷ ದಾನ ಎಂದುಕೊಂಡಿದ್ದೆವು. ನಾವು ತಿನ್ನಬಾರದ್ದನ್ನು ಅವಳ ಮಗು ಹೇಗೆ ತಿನ್ನಬಹುದು? ಅತ್ತೆಯವರೂ ಅಲ್ಲೇ ಕುಳಿತಿದ್ದರು. ಅವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಒಂದು ಪಾವು ಅಕ್ಕಿ ತಂದು ಅವಳ ಸೆರಗಿಗೆ ಹಾಕಿದರು.

ಅಂದೇ ನಾನು ಅಂಗಡಿಯಿಂದ ಚಿಕ್ಕ ತಕ್ಕಡಿ ತರಿಸಿದೆ. ಏಳು ದಿನ ಮಿಕ್ಕದ್ದನ್ನೆಲ್ಲ ತೂಗಿ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆ. ಮನೆಯಲ್ಲಿ ಆರು ಜನ. ವಾರಕ್ಕೆ ಅನ್ನ 2 ಕಿಲೋ 100 ಗ್ರಾಂ, ಸಾರು ಪಲ್ಯ 900 ಗ್ರಾಂ, ರೊಟ್ಟಿ ಚಪಾತಿ 600 ಗ್ರಾಂ. ಒಟ್ಟು 3 ಕಿಲೋ 600. ನಮ್ಮ ಮನೆಯವರು ಕೂಡಲೇ ಬಾಯಿಲೆಕ್ಕ ಹಾಕಿ, “ವರ್ಷಕ್ಕೆ ಹತ್ತಿರ ಹತ್ತಿರ ಎರಡು ಕ್ವಿಂಟಾಲ್” ಎಂದರು. ಬೆಂದ ಅನ್ನ ಅಕ್ಕಿಯ ಮೂರರಷ್ಟು ತೂಗುತ್ತದೆ ಎಂದು ಹಿಡಿದರೂ, ವರ್ಷಕ್ಕೆ 36 ಕಿಲೋ ಅಕ್ಕಿ ಬಾನಿಗೆ ಬೀಳುತ್ತಿತ್ತು. 25 ಕಿಲೋ ಚೀಲದ ಲೆಕ್ಕದಲ್ಲಿ ಸುಮಾರು ಒಂದೂವರೆ ಚೀಲ. ಅಂಗಡಿಯಲ್ಲಿ ಇಷ್ಟು ಮಾಲು ಕಡಿಮೆ ಬಂದಿದ್ದರೆ ಗುಮಾಸ್ತನ ಗತಿ ಏನಾಗುತ್ತಿತ್ತೋ!

ಇದು ನಮ್ಮೊಬ್ಬರ ಮನೆಯ ಮಾತಲ್ಲ. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಹೊರತಂದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹಾಳಾಗಿದೆ. ಅದರಲ್ಲಿ ನೂರಕ್ಕೆ 60 ಪಾಲು ಹಾಳಾದದ್ದು ಹೋಟೆಲುಗಳಲ್ಲಿ ಅಲ್ಲ, ಮನೆಗಳಲ್ಲಿ. ಭಾರತದ ಮನೆಗಳಿಗೆ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅಂದಾಜು ಕಟ್ಟಿದ್ದಾರೆ. ಸಿಪ್ಪೆ, ಬೀಜ ಎಲ್ಲ ಆ ಲೆಕ್ಕದಲ್ಲೇ ಸೇರಿವೆ. ನಾನು ಸಿಪ್ಪೆಯನ್ನು ತೂಗಿರಲಿಲ್ಲ. ಆದ್ದರಿಂದ ನಮ್ಮ ಮನೆಯೇ ಮೇಲು ಎಂದು ಹಿಗ್ಗುವ ಹಾಗಿಲ್ಲ.

ಅನ್ನ ಮಿಗುವುದು ಏಕೆ ಎಂದು ಅತ್ತೆ ಸೊಸೆ ಇಬ್ಬರೂ ಕುಳಿತು ಯೋಚಿಸಿದೆವು. ಅಳತೆ ಬಾರದೆ ಅಲ್ಲ, ಹೆದರಿ. ವ್ಯಾಪಾರಸ್ಥರ ಮನೆಯಲ್ಲಿ ಮಧ್ಯಾಹ್ನ ಯಾವ ಹಳ್ಳಿಯ ರೈತರು, ಆದೋನಿಯ ಯಾವ ದಲ್ಲಾಳಿಗಳು ಊಟಕ್ಕೆ ಬರುತ್ತಾರೋ ಹೇಳುವಂತಿಲ್ಲ. ಬಂದವರ ಮುಂದೆ ಪಾತ್ರೆಯ ತಳ ಕೆರೆಯುವ ಸದ್ದು ಕೇಳಬಾರದು ಎಂಬುದು ಅತ್ತೆಯವರ ಕಾಲದ ಮರ್ಯಾದೆ. ಆ ಹೆದರಿಕೆಗೆ ದಿನವೂ ಎರಡು ಪಾವು ಹೆಚ್ಚು. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆಯಲ್ಲ! ಹತ್ತು ಗಂಟೆಗೆ ಅಂಗಡಿಗೆ ಫೋನ್ ಮಾಡಿ, ಊಟಕ್ಕೆ ಎಷ್ಟು ಜನ ಎಂದು ಕೇಳಿದ ಮೇಲೆಯೇ ಅಕ್ಕಿ ತೊಳೆಯುತ್ತೇವೆ. ಹೇಳದೆ ಬಂದವರಿಗೆ ಅವಲಕ್ಕಿ, ರವೆ ಇದ್ದೇ ಇವೆ. ಹತ್ತು ನಿಮಿಷದ ಕೆಲಸ. ಮೊದಲ ವಾರ ಫೋನ್ ಮಾಡಿದರೆ ನಮ್ಮ ಮನೆಯವರಿಗೆ ಸಿಟ್ಟು ಬರುತ್ತಿತ್ತು. ಈಗ ಒಂಬತ್ತೂ ಮುಕ್ಕಾಲಿಗೆ ತಾವೇ ಮಾಡುತ್ತಾರೆ.

ಸಂಜೆಯ ಅಡುಗೆಯಲ್ಲಿ ಅನ್ನವನ್ನು ಬಿಟ್ಟೇಬಿಟ್ಟೆವು. ಜೋಳದ ರೊಟ್ಟಿ ಎಣಿಸಿ ಮಾಡುವ ಅಡುಗೆ. ತಟ್ಟೆಯ ಮುಂದೆ ಕುಳಿತವರು ಇನ್ನೊಂದು ಬೇಕೆಂದರೆ ಇನ್ನೊಂದು ಬಡಿಯಬಹುದು. ಅನ್ನವನ್ನು ಹಾಗೆ ಒಂದೊಂದೇ ಹಿಡಿ ಬೇಯಿಸಲಾಗದು. ನಮ್ಮ ಹಿರಿಯರು ಹಿಟ್ಟಿಗೂ ಮಿತಿ ಹಾಕಿಟ್ಟಿದ್ದಾರೆ: ಮಳೆಗಾಲಕ್ಕೆ 3 ದಿನ, ಬೇಸಿಗೆಗೆ 5, ಚಳಿಗಾಲಕ್ಕೆ 7. ಇದನ್ನು ಪಾಲಿಸುವ ಮನೆಯಲ್ಲಿ ಗಿರಣಿಗೆ ಹತ್ತು ಸೇರು ಒಮ್ಮೆಗೇ ಕಳಿಸುವಂತಿಲ್ಲ. ಹುಡುಗಿಯಾಗಿದ್ದಾಗ ನನಗೆ ಇದು ದೊಡ್ಡ ಕಿರಿಕಿರಿ ಎನ್ನಿಸುತ್ತಿತ್ತು. ಹುಳು ಬಿದ್ದ ಹಿಟ್ಟನ್ನು ನಮ್ಮ ಮನೆಯಲ್ಲಿ ಎಂದೂ ಚೆಲ್ಲಿದ್ದಿಲ್ಲ ಎಂಬುದು ಈಗ ಲೆಕ್ಕ ಹಾಕುವಾಗ ಹೊಳೆಯಿತು.

ಆದೋನಿಯ ಮಾರವಾಡಿ ಜೈನ ಮನೆಗಳಲ್ಲಿ ಊಟವಾದ ಮೇಲೆ ತಟ್ಟೆಯನ್ನು ನೀರಿನಿಂದ ತೊಳೆದು ಆ ನೀರನ್ನೇ ಕುಡಿಯುವವರಿದ್ದಾರೆ. ಎಂಜಲಿನಲ್ಲಿ ಜೀವೋತ್ಪತ್ತಿ ಆಗದಿರಲಿ ಎಂಬುದು ಅವರ ಕಾರಣ. ನಮ್ಮ ಮಗಳಿಗೆ ಇದನ್ನು ನೋಡಿ ನಗು ಬಂದಿತ್ತು. “ಹಾಗೆ ಮಾಡಬೇಕಾಗಿ ಬಂದರೆ ನೀನು ಬಡಿಸಿಕೊಳ್ಳುವ ಮೊದಲೇ ಯೋಚಿಸುತ್ತೀಯ” ಎಂದೆ. ಅವಳು ಮಾಡುವುದಿಲ್ಲ, ನಾನೂ ಒತ್ತಾಯಿಸಿಲ್ಲ. ಬಡಿಸಿಕೊಳ್ಳುವಾಗ ಒಂದು ಸಲ ನನ್ನ ಮುಖ ನೋಡುತ್ತಾಳೆ, ಅಷ್ಟೆ.

ಇನ್ನು ಟೊಮೆಟೊ. ಪತ್ತಿಕೊಂಡದಲ್ಲಿದ್ದು ಟೊಮೆಟೊದ ಮಾತು ಆಡದಿರುವುದು ಹೇಗೆ? 2023ರ ಜುಲೈ, ಆಗಸ್ಟಿನಲ್ಲಿ ದೇಶದ ಎಷ್ಟೋ ಊರುಗಳಲ್ಲಿ ಕಿಲೋ ನೂರೈವತ್ತು ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಬಂದದ್ದೇ ತಡ, ನಮ್ಮ ಮಾರುಕಟ್ಟೆಯಲ್ಲಿ ಕೇಳುವವರಿಲ್ಲದೆ ರೈತರು ರಸ್ತೆಗೆ ಸುರಿದು ಹೋದರು. ಹೀಗೆ ಬೆಲೆ ಬಿದ್ದಾಗ ನಮ್ಮ ಕೈ ಸುಮ್ಮನಿರುವುದಿಲ್ಲ. ಐದು ಕಿಲೋ ತಂದು, ಎರಡು ಬಳಸಿ, ಮೂರನ್ನು ಕೊಳೆಸುತ್ತೇವೆ. ತೊಕ್ಕು ಮಾಡಿ ವರ್ಷವಿಡೀ ಇಡೋಣವೆಂದರೆ ಉಪ್ಪಿನಕಾಯಿಗೂ ಮಿತಿ ನೋಡುವ ಮನೆಗಳಿಗೆ ಅದು ಸಲ್ಲದು. ಅಗ್ಗ ಎಂದು ಹೆಚ್ಚು ಕೊಳ್ಳುವುದಕ್ಕಿಂತ, ಬೇಕಾದ ಒಂದೇ ಕಿಲೋ ತೆಗೆದುಕೊಂಡು ಚೌಕಾಸಿ ಮಾಡದೆ ಕೇಳಿದ ಬೆಲೆ ಕೊಡುವುದು ಮೇಲು. ಅಂಥ ದಿನಗಳಲ್ಲಿ ಬುಟ್ಟಿಯ ಹಿಂದೆ ಕುಳಿತವರ ಮುಖ ನೋಡಿದ್ದೀರಾ? ಎರಡು ರೂಪಾಯಿ ಬಿಡಿಸಿಕೊಂಡು ಬರುವುದು ಮಿತವ್ಯಯವಲ್ಲ. ಈ ಮಾತಿಗೆ ನಮ್ಮವರೇ ಕೆಲವರು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಬರೆದು ತಿಳಿಸಿ.

ನಮ್ಮ ಊರಿಗೆ ನೀರಿನ ಒಂದು ಹಳೆಯ ನೆನಪೂ ಇದೆ. ಮದ್ರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ ಪ್ರವಾಸದಲ್ಲಿದ್ದಾಗ 1827ರ ಜುಲೈ 6ರಂದು ಪತ್ತಿಕೊಂಡದಲ್ಲೇ ಕಾಲರಾ ತಗುಲಿ ತೀರಿಕೊಂಡರು. ಅವರ ನೆನಪಿಗೆಂದು ಸರಕಾರ ಇಲ್ಲಿ ಒಂದು ಬಾವಿ ತೋಡಿಸಿ ತೋಪು ಹಾಕಿಸಿತು. ಕಾಲರಾ ನೀರಿನಿಂದ ಬರುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಈಗ ಕೇಳಿ: ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಎಂದು ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ರೋಗದ ಅಣುಗಳು ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತವೆ. ಬಟ್ಟೆ ಆ ಜೀವಿಗಳನ್ನು ತಡೆಯುತ್ತದೆ. ಸ್ವಾರಸ್ಯವೆಂದರೆ ಹೊಸ ಸೀರೆಗಿಂತ ಒಗೆದು ಒಗೆದು ಹಳತಾದ ಸೀರೆಯೇ ಚೆನ್ನಾಗಿ ಸೋಸುತ್ತದೆ, ಅದರ ಎಳೆಗಳು ಉಬ್ಬಿ ಸಂದು ಕಿರಿದಾಗಿರುತ್ತದೆ. ಗಾಳಿಸಿದ ನೀರನ್ನೇ ಕುಡಿಯುವ ನಮಗೆ ಇದು ಹೊಸತಲ್ಲ. ಹಾಗೆಂದು ಬಟ್ಟೆಯೊಂದನ್ನೇ ನಂಬಿ ಕುದಿಸುವುದನ್ನು ಬಿಡಬೇಡಿ.

ಗಾಳಿಸುವ ಬಟ್ಟೆ ಬಿಟ್ಟು ಈಗ ಅನೇಕರ ಮನೆಯಲ್ಲಿ ಗೋಡೆಗೆ ಆರ್‌ಓ ಯಂತ್ರ ಬಂದಿದೆ. ಅದು ಒಂದು ಬಿಂದಿಗೆ ಶುದ್ಧ ನೀರು ಕೊಡಲು ಸಾಮಾನ್ಯವಾಗಿ ಎರಡು ಮೂರು ಬಿಂದಿಗೆ ನೀರನ್ನು ಮೋರಿಗೆ ಬಿಡುತ್ತದೆ. ಮಳೆ ಕಡಿಮೆಯಾದರೆ ಜನ ಗುಳೆ ಹೋಗುವ ಸೀಮೆ ನಮ್ಮದು. ಆ ಸಣ್ಣ ಕೊಳವೆಯ ಕೆಳಗೆ ಒಂದು ಬಕೆಟ್ ಇಡಿ. ನೆಲ ಒರೆಸಲು, ಮುಸುರೆಯ ಮೊದಲ ನೀರಿಗೆ ಅದು ಸಾಕು. ಉಪ್ಪಿನಂಶ ಹೆಚ್ಚಿರುವುದರಿಂದ ಕುಂಡದ ಗಿಡಗಳಿಗೆ ಮಾತ್ರ ದಿನವೂ ಹಾಕಬೇಡಿ. ಅವುಗಳಿಗೆ ಅಕ್ಕಿ ತೊಳೆದ ನೀರು ಕೊಡಿ.

ದೀಪದ ಮಾತು ಹೆಚ್ಚು ಬೇಡ. ದಿನಕ್ಕೆ 5 ಗಂಟೆ ಉರಿಯುವ 60 ವ್ಯಾಟ್ ಬಲ್ಬಿಗೆ ತಿಂಗಳಿಗೆ 9 ಯೂನಿಟ್. 9 ವ್ಯಾಟ್ ಎಲ್‌ಇಡಿಗೆ ಒಂದೂಕಾಲು, ಒಂದೂವರೆ ಯೂನಿಟ್. ಉಗ್ರಾಣದಲ್ಲಿ, ಬಚ್ಚಲಲ್ಲಿ ಹಳೆಯ ಬಲ್ಬು ಉಳಿದಿದ್ದರೆ ಇವತ್ತೇ ತೆಗೆಯಿರಿ. ಗ್ಯಾಸಿನದೂ ಹಾಗೆಯೇ: ಬೇಳೆಯನ್ನು ಅರ್ಧ ಗಂಟೆ ನೆನೆಸುವುದು, ಪಾತ್ರೆಗೆ ಮುಚ್ಚಳ ಹಾಕುವುದು, ಕುದಿ ಬಂದ ಮೇಲೆ ಉರಿ ತಗ್ಗಿಸುವುದು. ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. 14.2 ಕಿಲೋ ಸಿಲಿಂಡರ್ ಹಚ್ಚಿದ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮುಂದಿನ ಸಲ ಎಷ್ಟು ದಿನ ಹೆಚ್ಚು ಬಂತೆಂಬುದು ತಾನೇ ತಿಳಿಯುತ್ತದೆ. ವ್ಯಾಪಾರಸ್ಥರ ಹೆಣ್ಣುಮಕ್ಕಳಿಗೆ ಉಪದೇಶಕ್ಕಿಂತ ಅಂಕಿ ಹೆಚ್ಚು ನಾಟುತ್ತದೆ.

“ಇದೆಲ್ಲ ಜಿಪುಣತನವಲ್ಲವೇ?” ಎಂದು ನಾದಿನಿ ಕೇಳಿದಳು. ಅವಳು ದೊಡ್ಡ ಊರಿನ ಮನೆ ಸೇರಿದವಳು. ನನಗೆ ಆಗ ಉತ್ತರ ಹೊಳೆಯಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಮಾತು ಬರುತ್ತದೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಾಳಿ ಬೀಸುವುದು, ಗಿಡ ಕೀಳುವುದು, ಇವನ್ನು ಪ್ರಮಾದಚರ್ಯೆ ಎಂದು ಅಲ್ಲಿ ಎಣಿಸಿದ್ದಾರೆ. ಖಾಲಿ ಕೋಣೆಯಲ್ಲಿ ತಿರುಗುವ ಫ್ಯಾನು, ತೊಟ್ಟಿಕ್ಕುವ ನಲ್ಲಿ ಎಲ್ಲ ಆ ಪಟ್ಟಿಯೊಳಗೇ ಬಂದವು. ಬೇಡದ ಖರ್ಚನ್ನು ಬಿಡಿ ಎಂದಿದ್ದಾರೆಯೇ ಹೊರತು, ಕೊಡಬೇಕಾದ ಕೈಗೆ ಕೊಡಬೇಡಿ ಎಂದಿಲ್ಲ. ಇದನ್ನು ನಾದಿನಿಗೆ ಫೋನಿನಲ್ಲಿ ಹೇಳಿದೆ. “ಹಾಗಾದರೆ ಮಿಗಿಸಿದ ಅಕ್ಕಿ ಏನು ಮಾಡಿದೆ, ಹೇಳು ಅತ್ತಿಗೆ” ಎಂದಳು. ಜಾಣೆ.

ಅದಕ್ಕೂ ಒಂದು ಏರ್ಪಾಡು ಆಗಿದೆ. ಮೊದಲು ಹಾಕುತ್ತಿದ್ದ ಅಳತೆಯಲ್ಲೇ ಅಕ್ಕಿ ತೆಗೆದು, ಆ ದಿನಕ್ಕೆ ಬೇಡವಾದ ಪಾವನ್ನೋ ಮುಷ್ಟಿಯನ್ನೋ ಅತ್ತೆಯವರು ತಮ್ಮ ಕೈಯಿಂದಲೇ ಬೇರೆ ಡಬ್ಬಿಗೆ ಹಾಕುತ್ತಾರೆ. ತಿಂಗಳ ಕೊನೆಗೆ ಆ ಡಬ್ಬಿ ಮುಸುರೆಯವಳಿಗೆ. ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಅವಳಿಗೂ ನಮ್ಮ ಮನೆಯವರಿಗೂ ಒಟ್ಟಿಗೇ ನಿಲ್ಲಿಸಿ ಹೇಳಿದೆ. ಹೇಳದಿದ್ದರೆ ಗಂಡಸರು ಯಾವುದನ್ನು ಯಾವುದರಲ್ಲಿ ವಜಾ ಹಾಕುತ್ತಾರೋ ಹೇಳಲಾಗದು. ಮೊದಲ ತಿಂಗಳು ಡಬ್ಬಿಯಲ್ಲಿ ಎರಡೂವರೆ ಕಿಲೋ ಇತ್ತು.

ಜನವರಿಯಲ್ಲಿ ಅವಳೂ ಗಂಡನೂ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋದರು. ಮಗು ಅಜ್ಜಿಯ ಬಳಿ ಉಳಿಯಿತು. ಡಬ್ಬಿ ಆ ತಿಂಗಳುಗಳಲ್ಲಿ ಅಜ್ಜಿಗೆ ಹೋಯಿತು. ಯುಗಾದಿಗೆ ಎರಡು ದಿನ ಇರುವಾಗ ಅವಳು ಮರಳಿ ಬಂದಳು. ಬಂದವಳೇ ಹಿತ್ತಿಲಿಗೆ ಹೋಗಿ ಕಲಗಚ್ಚಿನ ಬಾನಿಯ ಮುಚ್ಚಳ ತೆಗೆದು ನೋಡಿ, “ಏನಮ್ಮಾ, ನಮ್ಮ ಎಮ್ಮೆಗೆ ಏನೂ ಇಟ್ಟಿಲ್ಲವಲ್ಲ!” ಎಂದು ಜೋರಾಗಿ ನಕ್ಕಳು. ಸೋರೆಕಾಯಿಯ ಸಿಪ್ಪೆ ಇತ್ತು. ಅದನ್ನೇ ಬುಟ್ಟಿಗೆ ತುಂಬಿಕೊಂಡು ಹೋದಳು.

ನಿಮ್ಮ ಮನೆಯಲ್ಲೂ ಏಳು ದಿನ ತೂಗಿ ನೋಡಿ, ಬಂದ ಅಂಕಿಯನ್ನು ಈ ಅಂಕಣಕ್ಕೆ ಬರೆದು ಕಳಿಸಿ. ಹೆಸರು ಬೇಡ, ಮನೆಯಲ್ಲಿ ಎಷ್ಟು ಜನ ಎಂದು ಬರೆದರೆ ಸಾಕು. ಮದುವೆಮನೆಯ ಊಟದ ವಿಷಯ ಬೇರೆಯೇ ಇದೆ. ಅದನ್ನು ಮುಂದಿನ ತಿಂಗಳು ನೋಡೋಣ.