ಬಾಣಂತಿ ಸನ್ನಿ ಎಲ್ಲರಿಗೂ ಗೊತ್ತು, ಸುಮ್ನೆ ಕೂತ ಬಾಣಂತಿ ಕಥೆ ಏನು?

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡ ಮೇಲೆ ರಾಜ್ಯದಲ್ಲಿ ಜೋರು ಚರ್ಚೆ ಆಯ್ತು. ಡ್ರಿಪ್ ದ್ರಾವಣದ ಗುಣಮಟ್ಟ, ಆಸ್ಪತ್ರೆ ವ್ಯವಸ್ಥೆ ಎಲ್ಲಾ ಮಾತಿಗೆ ಬಂತು. ಬರಬೇಕಾದದ್ದೇ. ಆದ್ರೆ ಬಾಣಂತಿಯ ಮನಸ್ಸಿನ ಸುದ್ದಿ ಮಾತ್ರ ಅಷ್ಟಾಗಿ ಬರಲಿಲ್ಲ.

'ಬಾಣಂತಿ ಸನ್ನಿ' ನಮ್ಮ ಕಡೆ ಯಾವ ಅಜ್ಜಿಯನ್ನ ಕೇಳಿದ್ರೂ ಗೊತ್ತು. ನಿದ್ದೆ ಬಿಟ್ಟು, ಏನೇನೋ ಮಾತಾಡೋದು. ಇದು ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಗಂಭೀರ ಕಾಯಿಲೆ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.

ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇರೋದು ಖಿನ್ನತೆ. ಇಲ್ಲಿ ಗಲಾಟೆ ಇಲ್ಲ. ಊಟ ಸೇರಲ್ಲ, ಮಗು ಮಲಗಿದ್ರೂ ನಿದ್ದೆ ಬರಲ್ಲ, ಸುಮ್ನೆ ಅಳು. ಮನೆಯವರು 'ಚೊಚ್ಚಲು, ಸುಸ್ತು' ಅಂತಾರೆ, ಇಲ್ಲಾಂದ್ರೆ ದೃಷ್ಟಿ ತೆಗೀತಾರೆ. ಮೊದಲ ವಾರದ ಅಳು ಬಹಳ ಜನಕ್ಕೆ ಇರುತ್ತೆ, ತಾನಾಗೇ ಹೋಗುತ್ತೆ. ಎರಡು ವಾರ ದಾಟಿದ್ರೆ ಅದು ಬರೀ ಸುಸ್ತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆ ನಂತರ ನೂರಕ್ಕೆ ಸುಮಾರು 20 ತಾಯಂದಿರಿಗೆ ಮಾನಸಿಕ ಸಮಸ್ಯೆ, ಮುಖ್ಯವಾಗಿ ಖಿನ್ನತೆ ಕಾಡುತ್ತೆ.

ಮಗುವಿಗೇನಾಗುತ್ತೆ? ಪಕ್ಕದ ಗೋವಾದಲ್ಲಿ ನಡೆದ ಅಧ್ಯಯನ 2003ರಲ್ಲಿ ಪ್ರಕಟವಾಯ್ತು. ಖಿನ್ನತೆ ಇದ್ದ ತಾಯಂದಿರ ಶಿಶುಗಳು ಆರು ತಿಂಗಳಲ್ಲಿ ಕಡಿಮೆ ತೂಕ ಇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು ಕಂಡುಬಂತು. ಬಡತನ, ಗಂಡನ ಹೊಡೆತ, ಗಂಡು ಬೇಕು ಅಂದಲ್ಲಿ ಹೆಣ್ಣು ಹುಟ್ಟಿದ್ದು ಇವೆಲ್ಲ ತಾಯಿಯ ಖಿನ್ನತೆಗೆ ಕೂಡಿಬಂದಿದ್ದವು. ಮಗು ತೂಕ ಏರ್ತಿಲ್ಲ ಅಂತ ಡಬ್ಬಿ ಹಾಲು, ಟಾನಿಕ್ ತರ್ತೀವಿ. ತಾಯಿಯನ್ನ ಕೇಳೋದೇ ಇಲ್ಲ.

ಕೇಳೋಕೆ ದಾರಿ ಇದೆ. ಆಸ್ಪತ್ರೆ ಹೆರಿಗೆ ಆದ್ರೆ ಆಶಾ ಕಾರ್ಯಕರ್ತೆ 42 ದಿನದಲ್ಲಿ ಆರು ಸಲ ಮನೆಗೆ ಬರಬೇಕು. ಮಗು ತೂಕ, ತಾಯಿಗೆ ಜ್ವರ, ರಕ್ತಸ್ರಾವ ನೋಡ್ತಾರೆ. ಅವರ ನಮೂನೆಯಲ್ಲಿ ತಾಯಿ ಅಸಂಬದ್ಧ ಮಾತಾಡ್ತಾರಾ ಅನ್ನೋ ಪ್ರಶ್ನೆಯೂ ಇದೆ. ಅಂದ್ರೆ ಸನ್ನಿ ಸಿಕ್ಕಿಬೀಳುತ್ತೆ, ಮೌನ ತಪ್ಪಿಸ್ಕೊಳ್ಳುತ್ತೆ. 'ಮನಸ್ಸು ಹೇಗಿದೆಯಮ್ಮಾ?' ಅಂತ ಒಂದು ಸಾಲು ಸೇರಿಸೋದು ದೊಡ್ಡ ಖರ್ಚಲ್ಲ. ಆದ್ರೆ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಗೌರವಧನಕ್ಕಾಗಿ ಧರಣಿ ಕೂತವರೂ ಇದೇ ಆಶಾಗಳು. ತರಬೇತಿ, ದುಡ್ಡು ಕೊಡದೆ ಕೆಲಸ ಮಾತ್ರ ಹೇರಿದ್ರೆ ಆ ಸಾಲಿಗೂ ಬರೀ ಟಿಕ್ ಬೀಳುತ್ತೆ ಅಷ್ಟೇ.

ಸರ್ಕಾರ ಮಾಡೋವರೆಗೂ ಕಾಯಬೇಕಿಲ್ಲ. ಟೆಲಿ ಮನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಹಾಲೂಡಿಸುವಾಗ ತಗೊಳ್ಳಬಹುದಾದ ಮಾತ್ರೆಗಳೂ ಇವೆ, ವೈದ್ಯರೇ ಹೇಳ್ತಾರೆ. ಅಪ್ಪಂದಿರಿಗೂ ಖಿನ್ನತೆ ಬರುತ್ತೆ, ಅವರೂ ಕರೆ ಮಾಡಬಹುದು.

ಅಂಗಡಿ ಬಾಗಿಲು ಹಾಕಿ ಮನೆಗೆ ಹೋದವರು ತೊಟ್ಟಿಲು ನೋಡೋ ಮುಂಚೆ ಒಂದ್ಸಲ ತೊಟ್ಟಿಲು ತೂಗೋರ ಮುಖ ನೋಡಿ. ಹೆಂಡತಿ ತವರಲ್ಲಿದ್ರೆ ಫೋನ್ ಮಾಡಿ. 'ಮಗು ಹಾಲು ಕುಡೀತಾ?' ಆಮೇಲೆ ಕೇಳಿದ್ರಾಯ್ತು. ಮೊದಲು 'ನೀನು ಹೇಗಿದೀಯಾ?' ಅಂತ ಕೇಳಿ.