ಎರಡನೆಯ ಭಾಷೆ

"ನಾವು ನಾಳೆ ಊರಿಗೆ ಹೋಗುತ್ತೇವೆ" ಎಂದು ಕನ್ನಡದಲ್ಲಿ ಒಬ್ಬರು ಹೇಳಿದರೆ, ಕೇಳುವವರು ಆ ಪ್ರಯಾಣದಲ್ಲಿ ಸೇರಿದ್ದಾರೆಯೇ ಇಲ್ಲವೇ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ. ಸಂದರ್ಭವನ್ನು ನೋಡಿ ಊಹಿಸಿಕೊಳ್ಳಬೇಕು. ತೆಲುಗಿನಲ್ಲಿ ಹೀಗಲ್ಲ. ಕೇಳುವವರನ್ನೂ ಸೇರಿಸಿಕೊಂಡು ಹೇಳಿದರೆ 'ಮನಮು', ಅವರನ್ನು ಬಿಟ್ಟು ಹೇಳಿದರೆ 'ಮೇಮು'. ತುಳುವಿನಲ್ಲಿಯೂ 'ನಮ', 'ಎಂಕುಲು' ಎಂಬ ಎರಡು ಮಾತುಗಳುಂಟು. ತೆಲುಗನ್ನು ಕಲಿಯತೊಡಗಿದ ಕನ್ನಡಿಗನು ಮೊದಮೊದಲು ಇಲ್ಲಿ ತಡವರಿಸುತ್ತಾನೆ. ಕೆಲವು ದಿನಗಳಲ್ಲಿಯೇ, ತನ್ನ 'ನಾವು' ಎಂಬ ಮಾತಿನೊಳಗೆ ಎರಡು ಅರ್ಥಗಳು ಅಡಗಿವೆಯೆಂಬ ಅರಿವು ಅವನಲ್ಲಿ ಮೂಡುತ್ತದೆ. ಮಾತು ಬಂದಂದಿನಿಂದ ಆಡುತ್ತಿದ್ದ ಪದದ ಈ ಗುಣ ಅವನ ಗಮನಕ್ಕೆ ಬಂದದ್ದು ಮತ್ತೊಂದು ಭಾಷೆಯ ದೆಸೆಯಿಂದ.

ಗಣಕ ಯಂತ್ರಕ್ಕಾಗಿ ಮನುಷ್ಯನು ರೂಪಿಸಿದ ಭಾಷೆಗಳ ವಿಷಯದಲ್ಲಿಯೂ ಇಂಥದೇ ಸಂಗತಿಯುಂಟು. ಗಣಕಕ್ಕೆ ತಾನಾಗಿ ಏನೂ ತೋಚದು. ಯಾವ ಕೆಲಸವನ್ನು ಯಾವ ಅನುಕ್ರಮದಲ್ಲಿ ಮಾಡಬೇಕೆಂದು ಅದಕ್ಕೆ ಒಂದೊಂದಾಗಿ ವಿಧಿಸಬೇಕು. ಹೀಗೆ ವಿಧಿಸಿದ ಆದೇಶಗಳ ಸರಣಿಗೆ ಕ್ರಮವಿಧಿ ಅಥವಾ ಪ್ರೋಗ್ರಾಮ್ ಎಂದು ಹೆಸರು. ಅದನ್ನು ಬರೆಯುವ ಭಾಷೆಯೇ ಕ್ರಮವಿಧಿ ಭಾಷೆ. ಯಂತ್ರವು ನೇರವಾಗಿ ಗ್ರಹಿಸುವುದು ಸೊನ್ನೆ ಮತ್ತು ಒಂದರ ಸಾಲುಗಳನ್ನು ಮಾತ್ರ. ಆ ಸಾಲುಗಳನ್ನು ಕೈಯಾರೆ ಬರೆಯುವುದು ಬಹು ಕಷ್ಟವಾದ್ದರಿಂದ, ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಅವರೂ ಅವರ ಸಂಗಡಿಗರೂ ಗಣಿತದ ಸೂತ್ರಗಳನ್ನು ಹೋಲುವ ಫೋರ್ಟ್ರಾನ್ ಎಂಬ ಭಾಷೆಯನ್ನು ರೂಪಿಸಿ 1957ರಲ್ಲಿ ಬಳಕೆಗೆ ತಂದರು. ಮರುವರ್ಷ ಜಾನ್ ಮೆಕಾರ್ಥಿ ಅವರು ಲಿಸ್ಪ್ ಎಂಬ ಇನ್ನೊಂದು ಬಗೆಯ ಭಾಷೆಯ ಕೆಲಸಕ್ಕೆ ತೊಡಗಿದರು. 1959ರಲ್ಲಿ ಕಚೇರಿ, ಬ್ಯಾಂಕುಗಳ ಲೆಕ್ಕಪತ್ರಕ್ಕೆಂದು ಕೋಬಾಲ್ ರೂಪುಗೊಳ್ಳತೊಡಗಿತು. ಆಮೇಲೆ ಸಿ, ಪೈಥಾನ್, ಜಾವಾ ಮೊದಲಾದವು ಬಂದವು. ಇಂದು ಇವುಗಳ ಸಂಖ್ಯೆ ನೂರಾರು.

ಇಷ್ಟೊಂದು ಭಾಷೆಗಳಿರುವಾಗ ಒಬ್ಬರು ಎಷ್ಟನ್ನು ಕಲಿಯಬೇಕು? ತಂತ್ರಾಂಶ ರಚನೆಯನ್ನು ವೃತ್ತಿಯಾಗಿ ಹಿಡಿಯಬೇಕೆಂಬ ಆಸೆ ನಮ್ಮ ನಾಡಿನ ಸಾವಿರಾರು ತರುಣ ತರುಣಿಯರಲ್ಲಿದೆ. ಒಂದು ಭಾಷೆಯನ್ನು ಕೆಲವೇ ತಿಂಗಳಲ್ಲಿ ಕಲಿಸಿ ಉದ್ಯೋಗಕ್ಕೆ ಸಿದ್ಧಗೊಳಿಸುತ್ತೇವೆಂಬ ಫಲಕಗಳು ನಗರದ ಬೀದಿಗಳಲ್ಲಿ ಕಾಣುತ್ತವೆ. ಸಾಲ ಮಾಡಿ ಶುಲ್ಕ ಕಟ್ಟುವ ತಂದೆತಾಯಿಗಳಿದ್ದಾರೆ. ಆ ಕಾಲಕ್ಕೆ ಯಾವ ಭಾಷೆಗೆ ಬೇಡಿಕೆಯೋ ಅದೊಂದನ್ನು ಕಲಿತರೆ ಸಾಕು, ಎರಡನೆಯದು ವ್ಯರ್ಥ ಎಂಬುದು ಅವರಿಗೆ ಸಿಗುವ ಸಲಹೆ. ಮೊದಲನೆಯ ಕೆಲಸವನ್ನು ದೊರಕಿಸಿಕೊಳ್ಳುವ ಮಟ್ಟಿಗೆ ಈ ಸಲಹೆ ತಪ್ಪೇನಲ್ಲ. ಆದರೆ ವೃತ್ತಿಯೆಂಬುದು ಮೂವತ್ತು ಮೂವತ್ತೈದು ವರ್ಷಗಳ ಮಾತು. ಅಷ್ಟು ದೀರ್ಘ ಕಾಲದ ಬುತ್ತಿಗೆ ಒಂದು ಭಾಷೆ ಸಾಲದೆಂದು ನನ್ನ ಅಭಿಪ್ರಾಯ. ಬೇಡಿಕೆ ಬದಲಾಗುತ್ತದೆ ಎಂಬುದು ಅದಕ್ಕೆ ಒಂದು ಕಾರಣ; ಅದನ್ನು ಮುಂದೆ ನೋಡೋಣ. ಅದಕ್ಕಿಂತ ಮುಖ್ಯವಾದ ಕಾರಣ, ಪ್ರತಿಯೊಂದು ಭಾಷೆಯೂ ಒಂದು ಬಗೆಯ ಯೋಚನೆಯನ್ನು ಸುಲಭಗೊಳಿಸಿ ಮತ್ತೊಂದು ಬಗೆಯದನ್ನು ಮರೆಮಾಡುತ್ತದೆ ಎಂಬುದು.

ಒಂದು ಶಾಲೆಯ ಗ್ರಂಥಾಲಯದಲ್ಲಿ 400 ಪುಸ್ತಕಗಳಿವೆ. ಅವೆಲ್ಲವುಗಳಲ್ಲಿ ಯಾವ ಯಾವ ಪದ ಎಷ್ಟೆಷ್ಟು ಬಾರಿ ಬಂದಿದೆ ಎಂದು ಎಣಿಸಬೇಕಾಗಿದೆ ಎನ್ನಿ. ಫೋರ್ಟ್ರಾನ್ ಅಥವಾ ಸಿ ಭಾಷೆಯಲ್ಲಿ ಪಳಗಿದವರಿಗೆ ಮೊದಲು ತೋಚುವ ದಾರಿ ಹೀಗಿರುತ್ತದೆ. ಒಂದು ದೊಡ್ಡ ಕರಿಹಲಗೆಯ ಮೇಲೆ ಪದಗಳನ್ನು ಬರೆದು ಪ್ರತಿಯೊಂದರ ಮುಂದೆಯೂ ಒಂದು ಸಂಖ್ಯೆಯನ್ನಿಡುವುದು. ಓದುತ್ತ ಹೋದಂತೆ ಪದ ಸಿಕ್ಕಾಗಲೆಲ್ಲ ಹಳೆಯ ಸಂಖ್ಯೆಯನ್ನು ಅಳಿಸಿ, ಅದಕ್ಕಿಂತ ಒಂದು ಹೆಚ್ಚಿನದನ್ನು ಬರೆಯುವುದು. ಒಬ್ಬರೇ ಎಣಿಸುವಾಗ ಈ ವಿಧಾನದಲ್ಲಿ ಯಾವ ತೊಡಕೂ ಇಲ್ಲ. ಕೆಲಸ ಬೇಗ ಮುಗಿಯಲೆಂದು 40 ಮಂದಿ ವಿದ್ಯಾರ್ಥಿಗಳು ಒಟ್ಟಿಗೆ ನಿಂತರೆಂದು ಭಾವಿಸೋಣ. 'ಮಳೆ' ಎಂಬ ಪದದ ಮುಂದೆ 17 ಎಂದಿದೆ. ಒಬ್ಬನು ಅದನ್ನು ನೋಡಿ 18 ಎಂದು ಬರೆಯಹೊರಡುವಷ್ಟರಲ್ಲಿ ಇನ್ನೊಬ್ಬಳೂ ಅದೇ 17ನ್ನು ನೋಡಿರುತ್ತಾಳೆ. ಇಬ್ಬರೂ 18 ಎಂದೇ ಬರೆಯುತ್ತಾರೆ, ಆಗಬೇಕಾದದ್ದು 19. ಹಲಗೆಯ ಮುಂದೆ ಸರದಿಯಲ್ಲಿ ನಿಲ್ಲಿಸಿದರೆ ಈ ದೋಷ ನಿವಾರಣೆಯಾದೀತು. ಆದರೆ ಒಬ್ಬರು ಬರೆಯುವಾಗ ಉಳಿದವರು ಕೈಕಟ್ಟಿ ನಿಲ್ಲಬೇಕಾಗಿ, 40 ಮಂದಿ ಸೇರಿದ ಪ್ರಯೋಜನವೇ ಕುಂದುತ್ತದೆ.

ಲಿಸ್ಪ್ ಭಾಷೆಯನ್ನು ಬಲ್ಲವರಿಗೆ ಅಳಿಸಿ ಬರೆಯುವ ಅಭ್ಯಾಸ ಅಷ್ಟಾಗಿ ಇರುವುದಿಲ್ಲ. ಒಂದು ಪಟ್ಟಿಯಲ್ಲಿರುವ ಪ್ರತಿಯೊಂದು ವಸ್ತುವಿಗೂ ಒಂದೇ ಕ್ರಿಯೆಯನ್ನು ಅನ್ವಯಿಸುವುದು ಅಲ್ಲಿಯ ರೂಢಿ. ಇದಕ್ಕೆ 'ಮ್ಯಾಪ್' ಎನ್ನುತ್ತಾರೆ. ಹಾಗೆ ಬಂದ ಫಲಗಳನ್ನು ಒಟ್ಟುಗೂಡಿಸಿ ಒಂದಾಗಿಸುವುದು 'ರೆಡ್ಯೂಸ್'. ಈ ರೀತಿಯಲ್ಲಿ ಯೋಚಿಸುವವರು ಕರಿಹಲಗೆಯನ್ನು ಕೇಳುವುದೇ ಇಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಗೂ 10 ಪುಸ್ತಕಗಳನ್ನು ಕೊಟ್ಟು, ತಾನು ಎಣಿಸಿದ್ದನ್ನು ಪದಕ್ಕೊಂದರಂತೆ ಚೀಟಿಗಳಲ್ಲಿ ಬರೆಯುವಂತೆ ಹೇಳುತ್ತಾರೆ. ಆಮೇಲೆ 'ಮಳೆ' ಎಂಬ ಪದದ ಚೀಟಿಗಳೆಲ್ಲ ಒಬ್ಬರ ಬಳಿಗೆ, 'ಮರ' ಎಂಬುದರ ಚೀಟಿಗಳೆಲ್ಲ ಇನ್ನೊಬ್ಬರ ಬಳಿಗೆ ಹೋಗುತ್ತವೆ. ಅವರು ಕೂಡಿ ಮೊತ್ತವನ್ನು ಹೇಳುತ್ತಾರೆ. ಯಾರೂ ಯಾರ ಬರಹವನ್ನೂ ಅಳಿಸಬೇಕಾಗಿಲ್ಲ. ನಡುವೆ ಒಬ್ಬನಿಗೆ ಜ್ವರ ಬಂದು ಮನೆಗೆ ಹೋದನೆನ್ನಿ. ಅವನ ಹತ್ತು ಪುಸ್ತಕಗಳನ್ನು ಇನ್ನೊಬ್ಬನಿಗೆ ಕೊಟ್ಟರಾಯಿತು, ಉಳಿದವರ ಎಣಿಕೆಗೆ ಭಂಗವಿಲ್ಲ.

ಇದು ತರಗತಿಯ ಕಲ್ಪನೆ ಮಾತ್ರವೆಂದು ತಿಳಿಯಬಾರದು. ಗೂಗಲ್ ಸಂಸ್ಥೆಯಲ್ಲಿ ಅಪಾರ ಸಂಖ್ಯೆಯ ಪುಟಗಳನ್ನು ಸಾವಿರಾರು ಗಣಕಗಳ ನಡುವೆ ಹಂಚಿ ಎಣಿಸಬೇಕಾಗಿ ಬಂದಾಗ, ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ ಎಂಬ ಇಬ್ಬರು ತಜ್ಞರು ಈ ಮಾರ್ಗವನ್ನೇ ಹಿಡಿದರು. ಅದರ ವಿವರವನ್ನು 2004ರಲ್ಲಿ ಪ್ರಕಟಿಸಿದಾಗ, ಅದರ ಮೂಲ ಕಲ್ಪನೆ ಲಿಸ್ಪ್ ಮೊದಲಾದ ಭಾಷೆಗಳ ಮ್ಯಾಪ್ ಮತ್ತು ರೆಡ್ಯೂಸ್‌ಗಳಿಂದ ದೊರೆಯಿತೆಂದು ಅವರೇ ಬರೆದರು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಅವರು ತಮ್ಮ ತಂತ್ರಾಂಶವನ್ನು ಲಿಸ್ಪ್‌ನಲ್ಲಿ ಬರೆಯಲಿಲ್ಲ. ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಬರೆದರು. ಬರೆದ ಭಾಷೆ ಒಂದು, ಯೋಚನೆಗೆ ನೆರವಾದ ಭಾಷೆ ಇನ್ನೊಂದು. ಎರಡನೆಯ ಭಾಷೆಯಲ್ಲಿ ಒಂದು ಸಾಲನ್ನೂ ಬರೆಯುವ ಪ್ರಮೇಯ ಬಾರದಿದ್ದರೂ ಅದರ ಕಲಿಕೆ ಫಲ ಕೊಟ್ಟಿತು. ಉದ್ಯೋಗದ ಜಾಹೀರಾತಿನಲ್ಲಿ ಹೆಸರಿಲ್ಲದ ಭಾಷೆಯನ್ನು ಏಕೆ ಕಲಿಯಬೇಕೆಂದು ಕೇಳುವವರು ಈ ನಿದರ್ಶನವನ್ನು ಮನನ ಮಾಡಬೇಕು.

ಫೋರ್ಟ್ರಾನ್ ಭಾಷೆಯ ಕರ್ತೃವಾದ ಬ್ಯಾಕಸ್ ಅವರು ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸುತ್ತ 1977ರಲ್ಲಿ ಮಾಡಿದ ಉಪನ್ಯಾಸದಲ್ಲಿ, ಒಂದೊಂದೇ ಬೆಲೆಯನ್ನು ಅಳಿಸಿ ಬರೆಯುವ ಈ ಪದ್ಧತಿಯು ಕ್ರಮವಿಧಿಕಾರರ ಆಲೋಚನೆಯನ್ನು ಕಟ್ಟಿಹಾಕಿದೆಯೆಂದು ವಾದಿಸಿದರು. ಯಾವ ಕೆಲಸಕ್ಕಾಗಿ ಲೋಕ ಅವರನ್ನು ಗೌರವಿಸುತ್ತಿತ್ತೋ ಆ ಕೆಲಸದ ಮಿತಿಯನ್ನು ಅದೇ ವೇದಿಕೆಯಿಂದ ಎತ್ತಿ ತೋರಿಸಿದ ಅವರ ನಿಷ್ಠುರತೆ ಮೆಚ್ಚತಕ್ಕದ್ದು.

ಎರಡನೆಯ ಭಾಷೆಯು ಮೊದಲನೆಯದರ ಗುಟ್ಟುಗಳನ್ನು ಹೊರಗೆಡಹುವುದೂ ಉಂಟು. 1ರಿಂದ 12ರವರೆಗಿನ ಸಂಖ್ಯೆಗಳನ್ನು ಒಂದರಿಂದೊಂದು ಗುಣಿಸಿದರೆ 47,90,01,600 ಬರುತ್ತದೆ. ಅದನ್ನು 13ರಿಂದ ಗುಣಿಸಿದರೆ ಬರಬೇಕಾದದ್ದು 6,22,70,20,800. ನೀವೇ ಗುಣಿಸಿ ನೋಡಬಹುದು. ಪೈಥಾನ್ ಭಾಷೆಯಲ್ಲಿ ಈ ಉತ್ತರವೇ ದೊರೆಯುತ್ತದೆ. ಜಾವಾ ಭಾಷೆಯಲ್ಲಿ ಸಾಮಾನ್ಯ ಪೂರ್ಣಾಂಕಗಳನ್ನು ಬಳಸಿ ಇದೇ ಲೆಕ್ಕವನ್ನು ಮಾಡಿಸಿದರೆ 1,93,20,53,504 ಎಂಬ ಉತ್ತರ ಬರುತ್ತದೆ. ತಪ್ಪಾಯಿತೆಂಬ ಸೂಚನೆಯೂ ಇರುವುದಿಲ್ಲ. ಜಾವಾ ಭಾಷೆಯಲ್ಲಿ ಅಂಥ ಸಂಖ್ಯೆಗೆ 32 ಮನೆಗಳ ಒಂದು ಪೆಟ್ಟಿಗೆಯನ್ನು ಗೊತ್ತುಮಾಡಲಾಗಿದೆ. 2,14,74,83,647ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಹೆಚ್ಚಾದದ್ದು ಸದ್ದಿಲ್ಲದೆ ಉದುರಿಹೋಗುತ್ತದೆ. ಪೈಥಾನ್ ಸಂಖ್ಯೆ ಬೆಳೆದಂತೆ ಪೆಟ್ಟಿಗೆಯನ್ನೂ ಬೆಳೆಸುತ್ತದೆ, ಅದಕ್ಕಾಗಿ ಸ್ವಲ್ಪ ಹೆಚ್ಚು ಕಾಲವನ್ನೂ ಸ್ಥಳವನ್ನೂ ವ್ಯಯಿಸುತ್ತದೆ. ಪೈಥಾನ್ ಒಂದನ್ನೇ ಬಲ್ಲವರಿಗೆ ಪೆಟ್ಟಿಗೆಯೊಂದು ಇದೆಯೆಂಬುದೇ ಗೊತ್ತಾಗದಿರಬಹುದು. ಜಾವಾ ಒಂದನ್ನೇ ಬಲ್ಲವರು ಈ ಮಿತಿಯು ಯಂತ್ರದ ಸ್ವಭಾವವೆಂದೇ ನಂಬಿಬಿಡಬಹುದು. ಎರಡನ್ನೂ ಬಲ್ಲವರು ವೇಗ ಬೇಕಾದ ಕಡೆ ಒಂದನ್ನು, ದೊಡ್ಡ ಸಂಖ್ಯೆ ಬರುವ ಕಡೆ ಮತ್ತೊಂದನ್ನು ತಿಳಿದು ಆರಿಸಿಕೊಳ್ಳುತ್ತಾರೆ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್ 5 ರಾಕೆಟ್ಟು ಮೇಲೇರಿದ ಸುಮಾರು 40 ಸೆಕೆಂಡುಗಳಲ್ಲಿ ನಾಶವಾದದ್ದು, ದೊಡ್ಡ ಸಂಖ್ಯೆಯೊಂದನ್ನು 16 ಮನೆಗಳ ಪೆಟ್ಟಿಗೆಗೆ ತುಂಬಹೋದದ್ದರಿಂದ. ಅಲ್ಲಿ ಬಳಸಿದ್ದ ಆಡಾ ಎಂಬ ಭಾಷೆ ತಪ್ಪನ್ನು ಗುರುತಿಸಿತ್ತು; ಗುರುತಿಸಿದ ಮೇಲೆ ಏನು ಮಾಡಬೇಕೆಂಬ ವಿಧಿಯನ್ನು ಬರೆದಿರಲಿಲ್ಲ.

ಇನ್ನು ಬೇಡಿಕೆಯ ಮಾತು. ಹಳೆಯ ಕೋಬಾಲ್ ಕ್ರಮವಿಧಿಗಳಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿಯಿತ್ತು. 2000 ಬಂದೊಡನೆ '00' ಎಂಬುದನ್ನು ಯಂತ್ರ 1900 ಎಂದು ಗ್ರಹಿಸೀತೆಂಬ ಭೀತಿ 1990ರ ದಶಕದ ಕೊನೆಯಲ್ಲಿ ಜಗತ್ತನ್ನು ಆವರಿಸಿತು. ಅವನ್ನು ತಿದ್ದುವ ಕೆಲಸದಲ್ಲಿ ದೊಡ್ಡ ಪಾಲು ಭಾರತಕ್ಕೆ ಬಂತು. ಬೆಂಗಳೂರಿನ ಹಲವು ಸಂಸ್ಥೆಗಳಿಗೂ ಬಂತು. ಕಾಲೇಜಿನಲ್ಲಿ ಬೇರೆ ಭಾಷೆಯನ್ನು ಓದಿದ್ದ ಅನೇಕ ತರುಣರು ಕೋಬಾಲನ್ನು ಕಲಿತು ದುಡಿದರು. 2000 ಕಳೆದೊಡನೆ ಆ ಕೆಲಸ ಮುಗಿಯಿತು. ಹಾಗೆಂದು ಕೋಬಾಲ್ ಸತ್ತಿತೆನ್ನುವಂತಿಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರರು, ನಿರುದ್ಯೋಗ ಭತ್ಯೆಯ ಹಳೆಯ ಗಣಕ ವ್ಯವಸ್ಥೆಯನ್ನು ಸಂಭಾಳಿಸಲು ಕೋಬಾಲ್ ಬಲ್ಲವರು ನೆರವಾಗಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಆಪಲ್ ಸಂಸ್ಥೆ ತನ್ನ ಫೋನುಗಳಿಗಾಗಿ ಸ್ವಿಫ್ಟ್ ಎಂಬ ಹೊಸ ಭಾಷೆಯನ್ನು 2014ರಲ್ಲಿ ಪ್ರಕಟಿಸಿತು. ಆಂಡ್ರಾಯ್ಡ್ ಫೋನುಗಳಿಗೆ ಕಾಟ್ಲಿನ್ ಭಾಷೆಗೇ ಆದ್ಯತೆಯೆಂದು ಗೂಗಲ್ 2019ರಲ್ಲಿ ಸಾರಿತು. ಎಂದು ಯಾವುದು ಬಂದೀತೆಂದು ಹೇಳಬಲ್ಲವರಿಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಈಗಾಗಲೇ ಒಮ್ಮೆ ದಾಟಿದವರಿಗೆ ಮೂರನೆಯದು ಹೆದರಿಕೆ ಹುಟ್ಟಿಸುವುದಿಲ್ಲ. ಏನು ಹೊಸದು, ಏನು ಹಳೆಯದರ ಬೇರೆ ಹೆಸರು ಎಂಬುದು ಅವರಿಗೆ ಬೇಗ ತಿಳಿಯುತ್ತದೆ. ಭಾರತದಲ್ಲಿ ಗಣಕ ವಿಜ್ಞಾನದ ಬೋಧನೆಗೆ ತಳಹದಿ ಹಾಕಿದವರಲ್ಲೊಬ್ಬರೂ 1982ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರೂ ಆಗಿದ್ದ ವಿ. ರಾಜಾರಾಮನ್ ಅವರು ಫೋರ್ಟ್ರಾನ್ ಕುರಿತು ಪಠ್ಯಪುಸ್ತಕ ಬರೆದರು, ಸಿ ಭಾಷೆಯ ಕುರಿತೂ ಬರೆದರು.

ಹಾಗಾದರೆ ಎಷ್ಟು ಹೆಚ್ಚು ಕಲಿತರೆ ಅಷ್ಟು ಒಳ್ಳೆಯದೇ? ಅಲ್ಲ. ಹತ್ತು ಭಾಷೆಗಳಲ್ಲಿ ನಮಸ್ಕಾರ ಹೇಳಬಲ್ಲವನನ್ನು ನಾವು ಬಹುಭಾಷಾ ಪಂಡಿತನೆಂದು ಕರೆಯುವುದಿಲ್ಲ. ಕ್ರಮವಿಧಿ ಭಾಷೆಯ ವ್ಯಾಕರಣ ಚಿಕ್ಕದು. ಅದನ್ನು ಕೆಲವು ವಾರಗಳಲ್ಲಿ ಕಲಿತುಬಿಡಬಹುದು. ಆ ಸುಲಭತೆಯೇ ಮೋಸಕ್ಕೆ ಎಡೆಯಾಗುತ್ತದೆ. ತಪ್ಪು ಎಲ್ಲಿದೆಯೆಂದು ಹುಡುಕಿ ತೆಗೆಯುವ ತಾಳ್ಮೆ, ಬರೆದದ್ದನ್ನು ಇತರರು ಓದುವಂತೆ ಬರೆಯುವ ಶಿಸ್ತು ಇವು ಒಂದೇ ಭಾಷೆಯಲ್ಲಿ ಬಹುಕಾಲ ದುಡಿದವರಿಗಲ್ಲದೆ ಒಲಿಯುವುದಿಲ್ಲ. ಆದ್ದರಿಂದ ಮೊದಲ ಒಂದೆರಡು ವರ್ಷ ಒಂದೇ ಭಾಷೆಯಲ್ಲಿ ನೆಲೆನಿಲ್ಲುವುದು ಮೇಲು. ಎರಡನೆಯದನ್ನು ಆರಿಸುವಾಗ ಮೊದಲನೆಯದಕ್ಕೆ ಹತ್ತಿರದ ಬಂಧುವನ್ನು ಆರಿಸಿ ಪ್ರಯೋಜನವಿಲ್ಲ. ಜಾವಾ ಬಲ್ಲವರು ಅದರ ದಾಯಾದಿಯಂತಿರುವ ಸಿ ಶಾರ್ಪ್ ಭಾಷೆಯನ್ನು ಕಲಿತರೆ ಕೆಲಸಕ್ಕೆ ಬರಬಹುದು. ಯೋಚನೆಗೆ ಹೊಸದೇನೂ ಸೇರದು. ಲಿಸ್ಪ್ ಮನೆತನದ ಒಂದು ಭಾಷೆಯನ್ನು ಕಲಿತರೆ ಮೊದಲ ತಿಂಗಳು ತಲೆ ಕೆಟ್ಟಂತಾಗುತ್ತದೆ. ಆ ತಿಂಗಳೇ ಅದರ ಲಾಭ.

ಈಚೆಗೆ, ವಿಶೇಷವಾಗಿ 2022ರ ಅನಂತರ, ಬೇಕಾದದ್ದನ್ನು ನಮ್ಮ ಮಾತಿನಲ್ಲಿ ತಿಳಿಸಿದರೆ ಕ್ರಮವಿಧಿಯನ್ನು ತಾನೇ ಬರೆದುಕೊಡುವ ತಂತ್ರಾಂಶಗಳು ಎಲ್ಲೆಡೆ ಬಳಕೆಗೆ ಬಂದಿವೆ. ಒಂದು ಭಾಷೆಯ ಕ್ರಮವಿಧಿಯನ್ನು ಇನ್ನೊಂದಕ್ಕೆ ಕ್ಷಣದಲ್ಲಿ ತರ್ಜುಮೆ ಮಾಡಿಯೂ ಕೊಡುತ್ತವೆ. ಇನ್ನು ಎರಡನೆಯ ಭಾಷೆ ಏಕೆ, ಮೊದಲನೆಯದಾದರೂ ಏಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಗಡಿಯಾರದ ಒಂದು ಲೆಕ್ಕವನ್ನು ನೋಡಿ. ಈಗ 8 ಗಂಟೆಯಾಗಿದ್ದರೆ 5 ಗಂಟೆಗಳ ಹಿಂದೆ ಎಷ್ಟಾಗಿತ್ತು? 8ರಿಂದ 5ನ್ನು ಕಳೆದು, ಬಂದದ್ದನ್ನು 12ರಿಂದ ಭಾಗಿಸಿ ಶೇಷವನ್ನು ತೆಗೆದುಕೊಳ್ಳುವುದು ವಾಡಿಕೆ, ಉತ್ತರ 3. ಈಗ 3 ಗಂಟೆಯಾಗಿದ್ದರೆ? 3ರಿಂದ 5ನ್ನು ಕಳೆದರೆ ಋಣ 2. ಅದನ್ನು 12ರಿಂದ ಭಾಗಿಸಿದಾಗ ಪೈಥಾನ್ ಕೊಡುವ ಶೇಷ 10. ಗಡಿಯಾರವೂ ಅದನ್ನೇ ಹೇಳುತ್ತದೆ. ಸಿ ಮತ್ತು ಜಾವಾ ಕೊಡುವ ಶೇಷ ಋಣ 2. ಅಂಥ ಗಂಟೆ ಯಾವ ಗಡಿಯಾರದಲ್ಲಿಯೂ ಇಲ್ಲ. ಶೇಷಕ್ಕೆ ಬಳಸುವ ಚಿಹ್ನೆಯೋ ಮೂರು ಭಾಷೆಗಳಲ್ಲಿಯೂ ಒಂದೇ. ಪೈಥಾನಿನ ಸಾಲನ್ನು ಇದ್ದಂತೆಯೇ ಜಾವಾಕ್ಕೆ ಇಳಿಸಿದರೆ ನೋಟಕ್ಕೆ ಯಾವ ವ್ಯತ್ಯಾಸವೂ ಕಾಣದು. 8 ಗಂಟೆಯನ್ನು ಕೊಟ್ಟು ಪರೀಕ್ಷಿಸಿದರೆ ಸರಿಯಾಗಿಯೇ ಇರುತ್ತದೆ. ಬರೆದವರು ಮನುಷ್ಯರಾಗಲಿ ಯಂತ್ರವಾಗಲಿ, ಆ ಸಾಲಿನ ಬಳಿ ನಿಂತು 3 ಗಂಟೆಯನ್ನೂ ಕೊಟ್ಟು ನೋಡಬೇಕೆಂದು ಹೊಳೆಯುವುದು ಎರಡೂ ಭಾಷೆಗಳಲ್ಲಿ ಶೇಷವನ್ನು ಎಣಿಸಿ ನೋಡಿದವರಿಗೆ.