ಮೊದಲ ಯೂನಿಸೈಕಲ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು?

ಒಂದೇ ಚಕ್ರದ ಸೈಕಲ್ ಅಂದ ಕೂಡಲೇ ನಮಗೆ ನೆನಪಾಗೋದು ಸರ್ಕಸ್. ಆದರೆ ಯೂನಿಸೈಕಲ್‌ಗೆ 1982ರಿಂದಲೇ ಒಂದು ಅಂತರರಾಷ್ಟ್ರೀಯ ಒಕ್ಕೂಟವಿದೆ, ವಿಶ್ವ ಮಟ್ಟದ ಸ್ಪರ್ಧೆಗಳಿವೆ. ಜಪಾನ್‌ನಲ್ಲಂತೂ ಪ್ರಾಥಮಿಕ ಶಾಲೆಯ ಮಕ್ಕಳೇ ಆಟದ ಬಯಲಲ್ಲಿ ಇದನ್ನು ಓಡಿಸ್ತಾರೆ. ಜಿಮ್ ಬೇಜಾರಾಯ್ತು, ಹೊಸದೇನಾದ್ರೂ ಕಲೀಬೇಕು ಅನ್ನೋರಿಗೆ ಇದು ಒಳ್ಳೆ ಹುಚ್ಚು. ಪ್ರಶ್ನೆ ಏನಪ್ಪಾ ಅಂದ್ರೆ, ಕಲೀತೀವೋ ಇಲ್ವೋ ಗೊತ್ತಿಲ್ಲದ ವಿದ್ಯೆಗೆ ದುಡ್ಡು ಎಷ್ಟು ಹಾಕೋದು?

ತೀರಾ ಅಗ್ಗದ್ದು ಬೇಡ ಅನ್ನೋಕೆ ಒಂದು ಕಾರಣ ಇದೆ. ಕಲಿಯೋ ದಿನಗಳಲ್ಲಿ ನೀವು ನೂರಾರು ಸಲ ಕೆಳಗಿಳೀತೀರಿ. ತಪ್ಪು ನಿಮ್ಮದೋ ಗಾಡಿಯದೋ ಅಂತ ಹೊಸಬರಿಗೆ ಗೊತ್ತಾಗಲ್ಲ. ಸೀಟು ಕುಳ್ಳಗಿದ್ದು, ಪೆಡಲ್ ಅಲುಗಾಡ್ತಿದ್ರೂ 'ನನ್ನ ಕೈಲಾಗಲ್ಲ' ಅಂತ ನಿಮ್ಮನ್ನೇ ಬೈದುಕೊಂಡು ಬಿಟ್ಟುಬಿಡ್ತೀರಿ. ಹಾಗಾಗಿ ಮೂರು ವಿಷಯದಲ್ಲಿ ರಾಜಿ ಬೇಡ.

ಒಂದು, ಚಕ್ರದ ಅಳತೆ. ದೊಡ್ಡವರು ಕಲಿಯೋಕೆ 20 ಇಂಚು ಸರಿ. ಯೂನಿಸೈಕಲ್‌ಗೆ ಚೈನ್ ಇಲ್ಲ. ಪೆಡಲ್ ಒಂದು ಸುತ್ತು ಬಂದ್ರೆ ಚಕ್ರವೂ ಒಂದೇ ಸುತ್ತು, ಅಂದ್ರೆ 20 ಇಂಚಿನಲ್ಲಿ ಸುಮಾರು 1.6 ಮೀಟರ್. ನಿಧಾನಕ್ಕೆ ಹೋಗುತ್ತೆ, ಬೇಗ ತಿರುಗುತ್ತೆ, ಬಿದ್ದರೂ ನೆಲ ಹತ್ತಿರ. 24 ಇಂಚಿನದು ದೂರ ಹೋಗೋಕೆ ಚೆನ್ನ, ಅದು ಆಮೇಲೆ. 16 ಇಂಚು ಮಕ್ಕಳಿಗೆ. 20 ಇಂಚಿನ ಇನ್ನೊಂದು ಅನುಕೂಲ, ಆ ಅಳತೆಯ ಮಕ್ಕಳ ಸೈಕಲ್ ನಮ್ಮಲ್ಲಿ ಬೇಕಾದಷ್ಟಿದೆ. ಟ್ಯೂಬು ಹೋದ್ರೆ ಹಳೇದನ್ನು ಸೈಕಲ್ ಅಂಗಡಿಗೆ ಒಯ್ದು ತೋರಿಸಿ.

ಎರಡು, ಸೀಟಿನ ಎತ್ತರ. ಪೆಡಲ್ ಕೆಳಗಿದ್ದಾಗ ನಿಮ್ಮ ಕಾಲು ಹೆಚ್ಚುಕಡಿಮೆ ನೇರವಾಗಬೇಕು, ಮಂಡಿ ಸ್ವಲ್ಪವೇ ಬಾಗಿರಬೇಕು. ಮೈಭಾರ ಕಾಲಿನ ಮೇಲಲ್ಲ, ಸೀಟಿನ ಮೇಲೆ ಕೂರಬೇಕು. ಸೀಟು ಕುಳ್ಳಗಿದ್ರೆ ಐದೇ ನಿಮಿಷಕ್ಕೆ ತೊಡೆ ಉರಿಯುತ್ತೆ. ಶೂ ಹಾಕ್ಕೊಂಡು ಕಾಲಿನ ಒಳಭಾಗದ ಉದ್ದ ಅಳೆದು, ಅದಕ್ಕೆ ಈ ಸೀಟಿನ ಕಂಬ ಸಾಕಾ ಅಂತ ಮಾರೋರನ್ನ ಕೇಳಿ. ಕಂಬದ ಮೇಲಿರೋ ಗುರುತನ್ನು ದಾಟಿ ಎತ್ತರಿಸಬೇಡಿ. ಎತ್ತರದವರು ಉದ್ದ ಕಂಬವನ್ನು ಬೇರೆಯಾಗಿ ಕೊಳ್ಳೋದಾದ್ರೆ ಅದರ ದಪ್ಪವೂ ಹೊಂದಬೇಕು, 22.2, 25.4, 27.2 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತವೆ.

ಮೂರು, ಕ್ರ್ಯಾಂಕ್, ಅಂದ್ರೆ ಪೆಡಲನ್ನು ಚಕ್ರಕ್ಕೆ ಜೋಡಿಸೋ ತೋಳು. ಕಲಿಯೋಕೆ 125 ಮಿಲಿಮೀಟರ್ ಆಸುಪಾಸಿನ ಉದ್ದ ಹದವಾದದ್ದು. ಮಾಮೂಲಿ ಸೈಕಲ್‌ನಲ್ಲಿ ಈ ತೋಳು ಹೆಚ್ಚಾಗಿ ಮುಂದಕ್ಕೇ ತುಳಿತ ತಿನ್ನುತ್ತೆ. ಇಲ್ಲಿ ಬ್ರೇಕೂ ನಿಮ್ಮ ಕಾಲೇ, ಹಾಗಾಗಿ ಹಿಂದಕ್ಕೂ ಒತ್ತಡ. ಅಗ್ಗದ ಗಾಡಿ ಮೊದಲು ಕೈಕೊಡೋದು ಇಲ್ಲೇ. ಸಡಿಲವಾದ ಕ್ರ್ಯಾಂಕ್‌ನಲ್ಲೇ ಓಡಿಸಿದ್ರೆ ಅದರ ಚೌಕದ ತೂತು ಸವೆದು ಹೋಗುತ್ತೆ, ಆಮೇಲೆ ಎಷ್ಟು ಬಿಗಿ ಮಾಡಿದ್ರೂ ನಿಲ್ಲಲ್ಲ. ಮೊದಲ ವಾರ ದಿನಾ ಬೋಲ್ಟ್ ಬಿಗಿ ಮಾಡಿ.

ಜೋಡಿಸುವಾಗ ಎಡ-ಬಲ ನೋಡೋದು ಮರೀಬೇಡಿ. ಚಕ್ರ ಒಂದೇ ಆದ್ರೂ ಇದಕ್ಕೆ ಹಿಂದು-ಮುಂದು ಇದೆ. ಎಡ ಪೆಡಲಿನ ಮರೆ ಉಲ್ಟಾ, ಬಿಗಿಯಾಗೋಕೆ ಎಡಕ್ಕೆ ತಿರುಗಿಸಬೇಕು. ಚಕ್ರ ತಿರುಗುಮುರುಗಾಗಿ ಕೂತಿದ್ರೆ ಓಡಿಸ್ತಾ ಓಡಿಸ್ತಾ ಪೆಡಲುಗಳು ತಾವೇ ಬಿಚ್ಚಿಕೊಳ್ತವೆ, ಮರೆಯೂ ಹಾಳು. 'ಎಲ್', 'ಆರ್' ಅಕ್ಷರ ನೋಡಿ ಹಾಕಿ.

ಉಳಿಸೋದು ಎಲ್ಲಿ? ಬ್ರೇಕ್ ಬೇಡ. ಎತ್ತರದಿಂದ ಜಿಗಿಯೋರಿಗೆ ಬೇಕಾಗೋ ದುಬಾರಿ ಹಬ್ ಬೇಡ. ಬಣ್ಣ, ದಪ್ಪ ಟೈರು ಯಾವುದೂ ಬೇಡ. ಪೆಡಲ್ ಪ್ಲಾಸ್ಟಿಕ್ಕೇ ಇರಲಿ, ಲೋಹದ ಮೊಳೆಯಿರೋ ಪೆಡಲ್ ಮೊಣಕಾಲಿನ ಕೆಳಗೆ ಗೀರುತ್ತೆ. ಸೀಟಿನ ಹಿಂದೆ-ಮುಂದೆ ಪ್ಲಾಸ್ಟಿಕ್ ರಕ್ಷಣೆ ಇದ್ರೆ ಸಾಕು, ನೆಲಕ್ಕೆ ಬಡಿಯೋದು ಅದೇ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೇದು. ಚಕ್ರವನ್ನು ಮಂಡಿ ನಡುವೆ ಅದುಮಿ ಹಿಡಿದು ಎರಡೂ ಪೆಡಲ್ ಅಲ್ಲಾಡಿಸಿ. 'ಟಕ್' ಅಂತ ಸದ್ದು ಬಂದ್ರೆ ಬಿಟ್ಟು ಬನ್ನಿ. ಎತ್ತಿ ತಿರುಗಿಸಿ ನೋಡಿ, ಚಕ್ರ ಓಲಾಡಬಾರದು. ಪೆಡಲ್ ಒಮ್ಮೆ ಬಿಚ್ಚಿ ಹಾಕಿ ಮರೆ ನೋಡಿ. ಉಳಿದ ಗೀರುಗಳಿಗೆ ತಲೆ ಕೆಡಿಸ್ಕೋಬೇಡಿ, ಚೌಕಾಸಿಗೆ ಬಳಸ್ಕೊಳ್ಳಿ.

ಆನ್‌ಲೈನ್‌ನಲ್ಲಿ ಹುಡುಕುವಾಗ ಬ್ಯಾಟರಿಯಲ್ಲಿ ಓಡೋ ಎಲೆಕ್ಟ್ರಿಕ್ ಯೂನಿಸೈಕಲ್‌ಗಳೂ ಸಿಗುತ್ತವೆ. ಅದು ಬೇರೆಯೇ ವಸ್ತು, ಅದರ ಬೆಲೆ ನೋಡಿ ಗಾಬರಿಯಾಗಬೇಡಿ. ಹೊರದೇಶದಿಂದ ತರಿಸೋದಾದ್ರೆ ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ.

ಇನ್ನೂ ಕೈ ಬಿಗಿ ಅನ್ನೋರು ಇಬ್ಬರು-ಮೂವರು ಸೇರಿ ಒಂದೇ ಕೊಳ್ಳಿ. ಹೇಗೂ ಅರ್ಧ ಗಂಟೆಗೆ ಸುಸ್ತಾಗುತ್ತೆ, ಒಬ್ಬರು ಸುಧಾರಿಸಿಕೊಳ್ಳುವಾಗ ಇನ್ನೊಬ್ಬರು ಹತ್ತಬಹುದು. ಆಗ ಕೈಯಲ್ಲೇ ಸಡಿಲಿಸೋ ಸೀಟ್ ಕ್ಲಾಂಪ್ ಇರೋದನ್ನೇ ಆರಿಸಿ, ಎತ್ತರ ಬದಲಿಸೋದು ಸುಲಭ.

ಹೆಲ್ಮೆಟ್ಟಿಗೂ ಮಣಿಕಟ್ಟಿನ ಗಾರ್ಡಿಗೂ ಮೊದಲೇ ದುಡ್ಡು ಎತ್ತಿಡಿ. ಹೊಸಬರಿಗೆ ಸಾಮಾನ್ಯವಾಗಿ 10ರಿಂದ 15 ಗಂಟೆ ಅಭ್ಯಾಸ ಬೇಕು. ಅಪಾರ್ಟ್‌ಮೆಂಟಿನ ಖಾಲಿ ಪಾರ್ಕಿಂಗ್ ಜಾಗ, ಹಿಡಿಯೋಕೊಂದು ಗೋಡೆ, ದಿನಕ್ಕೆ ಅರ್ಧ ಗಂಟೆ ಅಂದ್ರೂ ಒಂದು ತಿಂಗಳು. ಒಕ್ಕೂಟದ ಮೊದಲ ಹಂತದ ಪರೀಕ್ಷೆಯಲ್ಲಿ ಯಾರ ಸಹಾಯವಿಲ್ಲದೆ ಹತ್ತಿ 50 ಮೀಟರ್ ಓಡಿಸಬೇಕು. ನೀವೂ ಅದನ್ನೇ ಗುರಿ ಇಟ್ಕೊಳ್ಳಿ. ಅಷ್ಟು ದಾಟಿದ ಮೇಲೆ ಬೇಕಾದ್ರೆ ದೊಡ್ಡ ಚಕ್ರದ ಯೋಚನೆ ಮಾಡೋಣ.